ನಮ್ಮತ್ತೆಯ ಏರ್‌ಬ್ಯಾಗು

ವಿಮಾನ ಹತ್ತುವುದು ಸುಲಭ, ನಮ್ಮತ್ತೆಯ ಕಾರು ಹತ್ತುವುದು ಕಷ್ಟ! ವಿಮಾನದಲ್ಲಾದರೆ ಗಗನಸಖಿ ಬೆಲ್ಟು ಹಾಕುವುದನ್ನು ತೋರಿಸಿ, ಮುಗುಳ್ನಕ್ಕು, ತನ್ನ ಪಾಡಿಗೆ ತಾನು ಹೋಗುತ್ತಾಳೆ. ನಮ್ಮತ್ತೆ ತೋರಿಸುತ್ತಾರೆ, ಹಾಕಿಸುತ್ತಾರೆ, ಹಾಕಿದ್ದನ್ನು ಎಳೆದು ನೋಡುತ್ತಾರೆ, ಅಷ್ಟಾದ ಮೇಲೆ ಒಂದೆರಡು ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿಯಿದ್ದರೆ ಗಾಡಿ ಹೊರಡುತ್ತದೆ. ಹಿಂದಿನ ಸೀಟಿನವರಿಗೂ ವಿನಾಯಿತಿಯಿಲ್ಲ. ಮಾರ್ಕೆಟ್ಟಿನಿಂದ ತಂದ ಕುಂಬಳಕಾಯಿಗೂ ಇಲ್ಲ! ಒಮ್ಮೆ ನಮ್ಮ ಮಾವನವರೂ ಕುಂಬಳಕಾಯಿಯೂ ಅಕ್ಕಪಕ್ಕ ಬೆಲ್ಟು ಬಿಗಿಸಿಕೊಂಡು ಕೂತಿದ್ದನ್ನು ನೋಡಿದ್ದೇನೆ. ಇಬ್ಬರ ಮುಖದಲ್ಲೂ ಒಂದೇ ಭಾವ.

ನಮ್ಮತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ನಾನು ಗದಗದಿಂದ ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬರುವ ಹೊತ್ತಿಗೆ ಅವರು ರಿಟೈರಾಗುವವರಿದ್ದರು. ಉಳಿದ ಟೀಚರುಗಳು ರಿಟೈರಾದ ಮೇಲೆ ಕಾಶಿಗೆ ಹೋಗುವ ಯೋಚನೆಯಲ್ಲಿದ್ದರೆ ಇವರು ಡ್ರೈವಿಂಗ್ ಸ್ಕೂಲಿಗೆ ಹೋದರು. ಮೊದಲ ಪ್ರಯತ್ನದಲ್ಲೇ ಲೈಸೆನ್ಸ್ ತಂದರು. ಬ್ಯಾಂಕಿನಲ್ಲಿದ್ದ ಮಾವನವರಿಗೆ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಬಾರದು. ಆದರೆ ಎಲ್ಲ ಗಾಡಿಗಳ ಬಗ್ಗೆಯೂ ಅಭಿಪ್ರಾಯವಿದೆ.

ಕಾರು ಕೊಳ್ಳಲು ನಾವೆಲ್ಲ ಹೋಗಿದ್ದೆವು. ಆಗ ಸಣ್ಣ ಕಾರಿಗೆ ಏರ್‌ಬ್ಯಾಗು ಹಾಕಿಸಿಕೊಳ್ಳುವವರು ಕಡಿಮೆ. ಷೋರೂಮಿನ ಹುಡುಗ ಅತ್ತೆಯನ್ನು ದಾರಿಗೆ ತರಲು ನೋಡಿದ.

"ಏರ್‌ಬ್ಯಾಗ್ ಇರೋ ಮಾಡೆಲ್ ಯಾರೂ ತಗೊಳಲ್ಲ ಮೇಡಂ. ಅದರ ಬದಲು ಅಲಾಯ್ ವೀಲ್ ಹಾಕಿಸ್ಕೊಳ್ಳಿ, ಗಾಡಿ ಸಖತ್ತಾಗಿ ಕಾಣುತ್ತೆ."

"ಗುದ್ದಿದಾಗ ನಿಮ್ಮ ಅಲಾಯ್ ವೀಲು ಉಬ್ಬುತ್ತೇನಪ್ಪಾ?"

ಹುಡುಗ ಮಾತು ಬದಲಿಸಿ ಬಣ್ಣಗಳ ಪುಸ್ತಕ ತೆರೆದ. ಅಷ್ಟರಲ್ಲಿ ಮಾವನವರು ಕಾರಿನೊಳಗೆಲ್ಲ ಇಣುಕಿ, "ಎಲ್ಲಪ್ಪಾ ಇದೆ ಏರ್‌ಬ್ಯಾಗು? ತೋರಿಸು" ಅಂದರು.

"ಅದು ಸ್ಟೀರಿಂಗ್ ಒಳಗೆ, ಡ್ಯಾಷ್‌ಬೋರ್ಡ್ ಒಳಗೆ ಇರುತ್ತೆ ಸಾರ್, ಕಾಣಲ್ಲ."

"ನೋಡೇ, ಕಣ್ಣಿಗೆ ಕಾಣದ ವಸ್ತುಗೆ ದುಡ್ಡು ಕೊಡೋದಾ?"

"ದೇವರಿಗೆ ಕೊಡ್ತಿಲ್ವೇ?" ಎಂದರು ಅತ್ತೆ. ಅಲ್ಲಿಗೆ ವ್ಯವಹಾರ ಮುಗಿಯಿತು!

ದೇವರ ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಪೂಜೆಗೆ ದೇವಸ್ಥಾನಕ್ಕೆ ಒಯ್ದಾಗ ಪುರೋಹಿತರು ಭಕ್ತಿಯಿಂದ ಒಂದು ಪುಟ್ಟ ಗಣೇಶನನ್ನು ಡ್ಯಾಷ್‌ಬೋರ್ಡಿನ ಮೇಲೆ ಅಂಟಿಸಲು ಹೋದರು. "ಅಲ್ಲಿ ಬೇಡ ಸ್ವಾಮಿ!" ಎಂದು ಅತ್ತೆ ಕೂಗಿದ ರಭಸಕ್ಕೆ ಪುರೋಹಿತರ ಕೈಯ ಗಂಟೆ ತಾನಾಗಿಯೇ ಹೊಡೆದುಕೊಂಡಿತು. "ಅದರ ಕೆಳಗೇ ಏರ್‌ಬ್ಯಾಗಿದೆ. ಅದೇನಾದ್ರೂ ಬಿಚ್ಚಿಕೊಂಡ್ರೆ ಗಣೇಶ ಗುಂಡಿನ ಥರ ಹಾರಿ ಬರ್ತಾನೆ. ಕಾಪಾಡೋ ದೇವರ ಕೈಯಲ್ಲೇ ಪೆಟ್ಟು ತಿನ್ನೋದು ಬೇಡ." ಪುರೋಹಿತರು ಅಷ್ಟು ವರ್ಷ ಗಾಡಿಪೂಜೆ ಮಾಡಿದ್ದರೂ ಈ ಶಾಸ್ತ್ರ ಕೇಳಿರಲಿಲ್ಲ. ಗಣೇಶ ಗೇರಿನ ಪಕ್ಕದ ಗೂಡಿಗೆ ಇಳಿದು ಕೂತ. ಈಗಲೂ ಅಲ್ಲೇ ಸುಖವಾಗಿದ್ದಾನೆ.

ಆ ಕಾರಿನಲ್ಲಿ ಎಬಿಎಸ್ ಬ್ರೇಕೂ ಇತ್ತು. ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಿಲ್ಲಿಸುವ ವ್ಯವಸ್ಥೆ. ಇದ್ದರೆ ಇರಲಿ ಎಂದು ಬಿಡುವವರು ನಾವು. ಪ್ರಯೋಗ ಮಾಡದೆ ನಂಬಿದರೆ ಅತ್ತೆ ಎಂಥ ವಿಜ್ಞಾನದ ಟೀಚರು? ಒಂದು ಭಾನುವಾರ ನಮ್ಮನ್ನೆಲ್ಲ ಬ್ಯಾಡರಹಳ್ಳಿಯ ಆಚೆ, ಇನ್ನೂ ಮನೆ ಏಳದ ಖಾಲಿ ಲೇಔಟಿಗೆ ಕರೆದೊಯ್ದರು. ಮಳೆ ಬಿದ್ದು ರಸ್ತೆ ಒದ್ದೆಯಾಗಿತ್ತು. ಅತ್ತೆಗೆ ಅದೇ ಬೇಕಿತ್ತು. ಗಾಡಿ ಓಡಿಸಿ, ದಡಕ್ಕನೆ ಬ್ರೇಕು ಒತ್ತಿದರು. ಪೆಡಲು ಟರ್ರ್ ಎಂದಿತು, ಮಾವನವರು "ಶಿವ ಶಿವಾ" ಎಂದರು, ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ ನಿಂತಿತು. ಮತ್ತೊಮ್ಮೆ. ಇನ್ನೊಮ್ಮೆ! ದೂರದಲ್ಲಿ ಎಳನೀರು ಮಾರುತ್ತಿದ್ದವನು ಕತ್ತಿ ಹಿಡಿದುಕೊಂಡೇ ಓಡಿಬಂದ.

"ಏನಾಯ್ತಮ್ಮಾ? ಬ್ರೇಕ್ ಫೇಲಾ?"

"ಇಲ್ಲಪ್ಪಾ," ಅತ್ತೆ ಗಾಜು ಇಳಿಸಿ ಹೆಮ್ಮೆಯಿಂದ ನಕ್ಕರು, "ಬ್ರೇಕ್ ಪಾಸು!"

ಇನ್ನು ಹೊಗೆಯ ವಿಷಯ. ಎಮಿಷನ್ ಟೆಸ್ಟಿನ ಚೀಟಿ ಉಳಿದವರಿಗೆ ಪೊಲೀಸರಿಗೆ ತೋರಿಸುವ ಕಾಗದ. ಅತ್ತೆಗೆ ಅದು ಮಾರ್ಕ್ಸ್ ಕಾರ್ಡು. ಹಿಂದಿನ ಸಲಕ್ಕಿಂತ ಹೊಗೆ ಕಡಿಮೆಯಾಗಿದ್ದರೆ ಆ ಸಂಜೆ ಮನೆಯಲ್ಲಿ ಕೇಸರಿಭಾತು! ಸಿಗ್ನಲ್ ಬಿದ್ದರೆ ಸಾಕು, ಎಂಜಿನ್ ಆಫ್. ಒಂದು ದಿನ ಹೌಸಿಂಗ್ ಬೋರ್ಡ್ ಸಿಗ್ನಲಿನಲ್ಲಿ ಪಕ್ಕದ ಆಟೋದವನಿಗೆ ಕರುಣೆ ಉಕ್ಕಿತು.

"ಆಂಟಿ, ಗಾಡಿ ಆಫಾಯ್ತಾ? ತಳ್ಳಲಾ?"

"ಆಫಾಗಿಲ್ಲ ಕಣಪ್ಪಾ, ನಾನೇ ಮಾಡಿದೀನಿ. ಸುಮ್ನೆ ನಿಂತು ಯಾಕೆ ಹೊಗೆ ಬಿಡಬೇಕು? ನೀನೂ ಆಫ್ ಮಾಡು."

ಒಳ್ಳೆಯ ಹುಡುಗ. ಮಾಡಿದ. ಹಸಿರು ದೀಪ ಬಂತು. ಅವನು ಸ್ಟಾರ್ಟರ್ ಎಳೆದ. ಎಳೆದ. ಎಳೆದೇ ಎಳೆದ! ಹಿಂದಿನಿಂದ ಹಾರ್ನುಗಳ ಮೇಳ. "ನಿಮ್ಮ ಮಾತು ಕೇಳಿ ಕೆಟ್ಟೆ ಆಂಟಿ!" ಎಂದ. ಅತ್ತೆ ಸಿಗ್ನಲ್ ದಾಟಿ, ಕಾರನ್ನು ಪಕ್ಕಕ್ಕೆ ಹಾಕಿ, ಹಿಂದೆ ತಿರುಗಿ ಮಾವನವರಿಗೆ ಹೇಳಿದರು: "ಹೋಗ್ರೀ, ಒಂಚೂರು ತಳ್ಳಿ ಬನ್ನಿ. ಹುಡುಗ ನನ್ನ ಮಾತಿಗೆ ಬೆಲೆ ಕೊಟ್ಟಿದಾನೆ." ರಿಟೈರಾದ ಬ್ಯಾಂಕ್ ಮ್ಯಾನೇಜರರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾಗಡಿ ರಸ್ತೆಯ ನಡುವೆ ಆಟೋ ತಳ್ಳಿದ್ದನ್ನು ನಮ್ಮ ಬೀದಿಯವರು ಅನೇಕರು ಕಂಡರು. ಕಾಣದವರಿಗೆ ನಾನೇ ಹೇಳಿದೆ.

ಅದಾದ ಮೇಲೆ ಮನೆಗೆ ದಾರಿ ತೋರಿಸುವ ಯಂತ್ರ ಬಂತು. ನನ್ನ ಗಂಡನ ಸ್ನೇಹಿತರೊಬ್ಬರು ತಂದುಕೊಟ್ಟ ಜಿಪಿಎಸ್ಸು. ಗಾಜಿಗೆ ಅಂಟಿಸಿದರೆ ಒಳಗಿನಿಂದ ಒಬ್ಬಳು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಅವಳ ಬಾಯಲ್ಲಿ ಬಸವೇಶ್ವರನಗರ ನಾಲ್ಕು ತುಂಡಾಗಿ, ಒಂದೊಂದು ತುಂಡೂ ಒಂದೊಂದು ದಿಕ್ಕಿಗೆ ಹಾರುತ್ತಿತ್ತು. ಅತ್ತೆ ಬಿಡುತ್ತಾರೆಯೇ? ಪ್ರತಿ ಸಲವೂ ಗಾಡಿ ಓಡಿಸುತ್ತಲೇ ತಿದ್ದುತ್ತಿದ್ದರು: "ಬ-ಸ-ವೇ-ಶ್ವ-ರ. ಎಲ್ಲಿ, ಇನ್ನೊಂದ್ಸಲ ಹೇಳು."

ಹೆಗ್ಗನಹಳ್ಳಿಯಲ್ಲಿ ಒಂದು ನಾಮಕರಣಕ್ಕೆ ಹೊರಟಾಗ ಅವಳ ಮೇಲೇ ಭಾರ ಹಾಕಿದೆವು. ಎಡಕ್ಕೆ ಎಂದಳು, ಬಲಕ್ಕೆ ಎಂದಳು, ಗಲ್ಲಿ ಕಿರಿದಾಗುತ್ತ ಹೋಯಿತು. ಕೊನೆಗೆ ಒಂದು ಗೋಡೆಯ ಮುಂದೆ ನಿಲ್ಲಿಸಿ, ಗುರಿ ತಲುಪಿದ್ದೀರಿ ಎಂದಳು! ಗೋಡೆಯ ಪಕ್ಕ ಕಟ್ಟಿದ್ದ ಎಮ್ಮೆ ನಮ್ಮನ್ನು ಬಹಳ ಹೊತ್ತು ನೋಡಿತು. ಗಾಡಿ ಹಿಂದೆ ತೆಗೆದರೆ ಯಂತ್ರದವಳು ಬೇಸರವಿಲ್ಲದೆ ಹೊಸ ದಾರಿ ಹೇಳತೊಡಗಿದಳು. ಮಾವನವರಿಗೆ ಅವಳ ಗುಣ ತುಂಬ ಹಿಡಿಸಿತು.

"ನೋಡೇ, ದಾರಿ ತಪ್ಪಿದ್ರೂ ಬೈಯಲ್ಲ. ಇವಳ ಹತ್ರ ಕಲಿ."

"ಬೈಯದೆ ಇರೋದಕ್ಕೇ ಗೋಡೆ ಮುಂದೆ ತಂದು ನಿಲ್ಲಿಸಿದಾಳೆ!" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ಪಾಪ, ಅವಳೂ ಊರಿಗೆ ಹೊಸಬಳು ಕಣೇ. ನೀನೂ ಬಂದ ಹೊಸದರಲ್ಲಿ ಕ್ರಾಸ್ ರೋಡಿಗೂ ಮೇನ್ ರೋಡಿಗೂ ವ್ಯತ್ಯಾಸ ಗೊತ್ತಾಗದೆ ಹಾಲು ತರಕ್ಕೆ ಹೋಗಿ ಚಂದ್ರಾ ಲೇಔಟ್ ಸೇರಿಬಿಟ್ಟಿದ್ದೆ. ಕಲೀಲಿಲ್ವಾ? ಅವಳೂ ಕಲೀತಾಳೆ."

ನಾನು ಬಸುರಿಯಾದ ಮೇಲೆ ಬೆಲ್ಟಿನ ಶಾಸ್ತ್ರಕ್ಕೆ ಹೊಸ ಅಧ್ಯಾಯ ಸೇರಿತು. ಬಸುರಿಗೆ ಬೆಲ್ಟು ಹಾಕಬಾರದು ಎಂದು ಬೀದಿಯ ಹೆಂಗಸರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಅತ್ತೆ ಡಾಕ್ಟರ ಬಳಿ ಕೂತು, ಕೇಳಿ, ತಿಳಿದುಕೊಂಡು ಬಂದರು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟಕ್ಕೆ, ಮೇಲಿನ ಪಟ್ಟಿ ಎದೆಯ ನಡುವೆ. ಹಿಂದೆ ಕೂತರೆ ನನಗೆ ವಾಂತಿ. ಹಾಗಾಗಿ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳುವಷ್ಟು ತಳ್ಳಿ ಕೂರಿಸುತ್ತಿದ್ದರು. ಸುದ್ದಿ ಗದಗ ಮುಟ್ಟಿತು. ನನ್ನವ್ವ ಫೋನಿನಲ್ಲಿ ಗಾಬರಿಯಾದಳು.

"ಬಸುರಿ ಹುಡುಗೀನ್ನ ಪಟ್ಟಿ ಹಾಕಿ ಕಟ್ಟತಾರೇನ್ರಿ ಬೀಗರ?"

"ಕಟ್ಟಿಹಾಕಿಲ್ಲ ಬೀಗರೇ, ನಿಮ್ಮ ಮಗಳನ್ನ ಹಿಡಿದಿಟ್ಕೊಂಡಿದೀನಿ," ಎಂದರು ಅತ್ತೆ. ಆ ಮಾತನ್ನು ಆಮೇಲೆ ಅವ್ವ ತಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳಂತೆ.

ಏಳು ತಿಂಗಳಾಗಿತ್ತು. ಕೆಂಗೇರಿಯಲ್ಲಿ ಅತ್ತೆಯ ಹಳೆಯ ಶಿಷ್ಯೆಯ ಗೃಹಪ್ರವೇಶ. ಊಟ ಮುಗಿಸಿ ಮಧ್ಯಾಹ್ನ ಹೊರಟೆವು. ಮಳೆ ಬಂದು ನಿಂತಿತ್ತು, ರಿಂಗ್ ರಸ್ತೆ ಹೊಳೆಯುತ್ತಿತ್ತು. ಮಾವನವರು ಹಿಂದೆ ಕೂತು ಹೋಳಿಗೆ ಸ್ವಲ್ಪ ಗಟ್ಟಿಯಾಗಿತ್ತು ಎಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ಎಡಗಡೆ ನಿಂತಿದ್ದ ಗೂಡ್ಸ್ ಟೆಂಪೊ ಹಿಂದೆ ಮುಂದೆ ನೋಡದೆ ಗಕ್ಕನೆ ರಸ್ತೆಗೆ ನುಗ್ಗಿತು.

ಪೆಡಲು ಟರ್ರ್ ಎಂದದ್ದು ಕೇಳಿಸಿತು. ಬೆಲ್ಟು ಎದೆಯನ್ನು ಬಿಗಿಯಾಗಿ ಹಿಡಿಯಿತು. ಟೆಂಪೊದ ಹಿಂಭಾಗ ನನ್ನ ಕಣ್ಣಿನ ಮುಂದೆ ದೊಡ್ಡದಾಗುತ್ತ, ದೊಡ್ಡದಾಗುತ್ತ ಬಂದು, ಪಕ್ಕಕ್ಕೆ ಸರಿಯಿತು. ಕಾರು ಜಾರಲಿಲ್ಲ. ಅದರ ಮಗ್ಗುಲಲ್ಲೇ ತಿರುಗಿ ನಿಂತಿತು. ಗೀರೂ ಇಲ್ಲ!

"ಸಾರಿ ಅಮ್ಮಾ, ನೋಡ್ಲಿಲ್ಲ!" ಟೆಂಪೊದವನು ಕೈ ಮುಗಿದ.

"ಇಳಿದು ಸರಿಯಾಗಿ ಬೈಯೇ ಅವನಿಗೆ!" ಮಾವನವರು ಕೂಗಿದರು.

ಅತ್ತೆ ಬೈಯಲಿಲ್ಲ. ಕಾರನ್ನು ನಿಧಾನವಾಗಿ ಅಂಚಿಗೆ ತಂದು, ಎಂಜಿನ್ ಆಫ್ ಮಾಡಿದರು. ಆಗ ನಾನು ನೋಡಿದೆ. ಅವರು ಬಲಗೈ ಒಂದರಲ್ಲೇ ಸ್ಟೀರಿಂಗ್ ತಿರುಗಿಸಿದ್ದರು. ಎಡಗೈ ನನ್ನ ಹೊಟ್ಟೆಯ ಮುಂದೆ ಅಡ್ಡ ಚಾಚಿಕೊಂಡಿತ್ತು.

"ಕೈ ಬಿಡಬಾರದಿತ್ತು ಕಣೇ," ಎಂದರು. ಇಡೀ ಕ್ಲಾಸಿಗೆ ಕೇಳಿಸುವ ಆ ದನಿ ನನಗಷ್ಟೇ ಕೇಳಿಸಿತು. "ಎರಡು ಕೈಯಲ್ಲೂ ಹಿಡೀಬೇಕು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ರೆ ನನ್ನ ಕೈಯೇ ನಿನಗೆ ಬಡೀತಿತ್ತು. ಎಲ್ಲಾ ಗೊತ್ತು ನನಗೆ. ಗೊತ್ತಿದ್ದೂ... ಅದು ತಾನಾಗೇ ಬಂದುಬಿಡ್ತು."

"ಏನೂ ಆಗಿಲ್ರೀ ಅತ್ತಿ," ಎಂದೆ.

"ಮಗು ಅಲ್ಲಾಡ್ತಾ ಇದೆಯಾ?"

ನನಗೆ ಗೊತ್ತಾಗಲಿಲ್ಲ. ಅವರ ಕೈಯನ್ನು ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಇಬ್ಬರೂ ಕಾದೆವು. ಹಿಂದಿನಿಂದ ಮಾವನವರೂ ಇಣುಕಿದರು. ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವರ ಅಂಗೈಯ ಕೆಳಗೆ ಒಂದು ಒದೆ, ಅದರ ಹಿಂದೆಯೇ ಬಲಗಡೆಯಿಂದ ಎಡಗಡೆಗೆ ಒಂದು ದೊಡ್ಡ ಹೊರಳು.

"ಅಯ್ಯೋ, ಇಂಡಿಕೇಟರ್ ಹಾಕದೆ ತಿರುಗ್ತಾ ಇದೆ ನೋಡೇ!" ಎಂದು ಅತ್ತೆ ಗದರಿದರು. ಗದರುತ್ತಿದ್ದ ಹಾಗೆಯೇ ಅವರ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

ಅಲ್ಲಿಂದ ನೇರ ಡಾಕ್ಟರ ಬಳಿಗೇ ಹೋದೆವು, ಎಲ್ಲ ಸರಿಯಿದೆ ಎಂದು ಅವರೂ ಹೇಳಿದರು. ಆದರೆ ಅದು ಆಮೇಲಿನ ಮಾತು. ಅದಕ್ಕೆ ಮೊದಲು ಕಾರು ಬಹಳ ಹೊತ್ತು ಅಲ್ಲೇ ನಿಂತಿತ್ತು. ಹಿಂದಿನಿಂದ ಯಾರೋ ಹಾರ್ನು ಹೊಡೆದರು. ಅತ್ತೆ ಕೈ ತೆಗೆಯಲಿಲ್ಲ.