ಗೌಡರನ್ನು ಬ್ರಹ್ಮಚಾರಿ ಮಾಡಿದ ಎಂಟರ್ ಕೀಲಿ

ಹೊಸ ಯಂತ್ರವೊಂದು ಊರಿಗೆ ಬಂದರೆ ಅದನ್ನು ನಡೆಸುವವನಿಗೂ ಸ್ವಲ್ಪ ದೇವರ ಕಳೆ ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಸುಳ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮಾಷ್ಟ್ರಾಗಿದ್ದಾಗ ನನಗೂ ಬಂದಿತ್ತು. ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೆ ಏಸಿ ಕೋಣೆ. ಪ್ರಾಂಶುಪಾಲರಿಗೆ ಕಿರುಗುಟ್ಟುವ ಫ್ಯಾನು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಟ್ಟು, ಧ್ವನಿ ತಗ್ಗಿಸಿ, ಕೈಕಟ್ಟಿ ನಿಲ್ಲುತ್ತಿದ್ದರು. ತೀರ್ಥ ಕೊಡುವುದೊಂದು ಬಾಕಿ.

ಆದರೆ ಒಂದೇ ಯಂತ್ರದ ಮುಂದೆ ಇಡೀ ತರಗತಿ ಸರದಿ ನಿಂತರೆ ಪಾಠ ಸಾಗುವುದು ಹೇಗೆ? ಇನ್ನೊಂದು ಬೇಕೆಂದು ಕೇಳಿದಾಗ ಆಡಳಿತ ಮಂಡಳಿಯ ಬೆಳ್ಯಪ್ಪ ಗೌಡರು, "ಇದು ಎಂತ ಮಾಡ್ತದೆ ಅಂತ ಒಮ್ಮೆ ತೋರ್ಸಿ ಮಾಷ್ಟ್ರೆ, ಮತ್ತೆ ನೋಡುವ" ಎಂದರು. ಅವರಿಗೆ ಹಿಡಿಸದಿದ್ದರೆ ತರಗತಿಯನ್ನೇ ಮುಚ್ಚುವ ಮಾತಿತ್ತು. ನಾನು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದೆ. ಕಂಪ್ಯೂಟರು ಮೊದಲು ವಯಸ್ಸು ಕೇಳುತ್ತದೆ. ಆಮೇಲೆ ಮದುವೆಯಾಗಿದೆಯೇ ಎಂದು ಕೇಳುತ್ತದೆ. ಹೌದಾದರೆ 'ವೈ', ಇಲ್ಲವಾದರೆ 'ಎನ್' ಒತ್ತಬೇಕು. ಕೊನೆಗೆ ಅದೇ ನಿಮ್ಮ ಪರಿಚಯ ಹೇಳುತ್ತದೆ. ಪುತ್ತೂರಿನ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದೂ ಇದನ್ನೇ. ಅವರಿಗೆ ಯಾರೂ ಏಸಿ ಹಾಕಿಸಿದ್ದಿಲ್ಲ, ಅಷ್ಟೆ.

ಗೌಡರು ಹೆಂಡತಿ ದೇವಕಿಯಮ್ಮನನ್ನೂ ಕರೆದುಕೊಂಡು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಒಂದೇ ಬೆರಳಿನಿಂದ ಅರುವತ್ತೆರಡು ಎಂದು ಒತ್ತಿದರು. "ಈಗ ಎಂಟರ್" ಎಂದೆ. ಒತ್ತಿದರು. ಮದುವೆಯ ಪ್ರಶ್ನೆ ಪರದೆಗೆ ಬಂತು. ಉತ್ತರಕ್ಕೆ ಕಾಯಲೇ ಇಲ್ಲ. ಅದರ ಕೆಳಗೇ ತೀರ್ಪೂ ಬಂತು: ನೀವು ಅವಿವಾಹಿತರು.

ಇಂಗ್ಲಿಷ್ ಬರುತ್ತಿದ್ದ ದೇವಕಿಯಮ್ಮ ಓದಿದರು. "ಹಾಗಾದ್ರೆ ಇಷ್ಟು ವರ್ಷ ನಾನು ಅಡಿಗೆ ಮಾಡಿ ಹಾಕಿದ್ದು ಯಾರಿಗೆ ಮಾರಾಯ್ರೆ?"

"ಇನ್ನೊಮ್ಮೆ ಒತ್ತಿ ನೋಡಿ" ಎಂದೆ. ಗೌಡರು ಇನ್ನೊಮ್ಮೆ ಮಾಡಿದರು, ಇನ್ನೊಮ್ಮೆ ಬ್ರಹ್ಮಚಾರಿಯಾದರು. ಆಗ ಅವರು ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕುರ್ಚಿ ಅಲುಗಾಡುವಂತೆ ನಕ್ಕರು. "ಇರ್ಲಿ ಮಾಷ್ಟ್ರೆ, ಗಡಿಬಿಡಿ ಮಾಡ್ಬೇಡಿ. ನಾವು ಚಾ ಕುಡಿದು ಬರ್ತೇವೆ, ನೀವು ಅಷ್ಟರಲ್ಲಿ ನನ್ನ ಮದುವೆ ಮಾಡ್ಸಿ." ಆ ನಗುವಿಗೆ ನಾನು ಇವತ್ತಿಗೂ ಋಣಿ. ಸಿಟ್ಟಾಗಲು ಅವರಿಗೆ ಎಲ್ಲ ಹಕ್ಕೂ ಇತ್ತು.

ಫಿಸಿಕ್ಸ್ ಕಲಿಸುತ್ತಿದ್ದ ಜಯಂತಿ ಮೇಡಂ ನನ್ನ ಪಕ್ಕ ಬಂದು ಕೂತರು. ಸಿ ಪುಸ್ತಕವನ್ನು ನಾವಿಬ್ಬರೂ ಹಂಚಿಕೊಂಡು ಓದಿದವರು. "ಸರ್, ಅದು ಸಂಖ್ಯೆಯನ್ನು ಮಾತ್ರ ತಕ್ಕೊಂಡದ್ದು. ಹಿಂದೆ ಒತ್ತಿದ ಎಂಟರ್ ಎಲ್ಲಿಗೆ ಹೋಗುದು? ಅಲ್ಲೇ ಉಂಟಲ್ಲ!"

ಹೌದಲ್ಲ! ಅಕ್ಷರವೊಂದು ಬೇಕೆಂದು ಕೇಳಿದಾಗ, ಮೊದಲೇ ಕಾದು ಕೂತಿದ್ದ ಆ ಎಂಟರನ್ನೇ ಕಂಪ್ಯೂಟರು ಉತ್ತರವೆಂದು ಎತ್ತಿಕೊಂಡಿತ್ತು. ಅದಂತೂ 'ವೈ' ಅಲ್ಲ. 'ವೈ' ಒತ್ತದವರೆಲ್ಲ ಅವಿವಾಹಿತರು ಎಂದು ಬರೆದವನು ನಾನೇ. ಮದ್ದು ಬಲು ಸಣ್ಣದು: ಅಕ್ಷರ ಓದುವ ಸಾಲಿನಲ್ಲಿ 'ಪರ್ಸೆಂಟ್ ಸಿ' ಎಂಬ ಗುರುತಿಗಿಂತ ಮೊದಲು ಒಂದು ಖಾಲಿ ಜಾಗ ಬಿಡುವುದು. ಉಳಿದುಹೋದ ಎಂಟರು, ಸ್ಪೇಸುಗಳನ್ನೆಲ್ಲ ದಾಟಿ ಮುಂದೆ ಹೋಗು ಎಂದು ಅದರ ಅರ್ಥ.

ಗೌಡರು ಚಾ ಕುಡಿದು ಬಂದು ಮತ್ತೆ ಕೂತರು. ಈ ಸಲ ಪ್ರಶ್ನೆ ಬಂದು ಸುಮ್ಮನೆ ನಿಂತಿತು. ಬೆರಳು ಮೇಲೆಯೇ ಹಿಡಿದು ಗೌಡರು ಯೋಚಿಸುವವರಂತೆ ನಟಿಸಿದರು. "ಒತ್ತಿ, ಇನ್ನೆಂತ ನೋಡುದು?" ಎಂದರು ದೇವಕಿಯಮ್ಮ. 'ವೈ' ಬಿತ್ತು, ವಿವಾಹಿತರಾದರು. ಎರಡನೆಯ ಕಂಪ್ಯೂಟರು ಆ ವರ್ಷವೇ ಬಂತು.

ಅವತ್ತು ಹೊರಡುವಾಗ ದೇವಕಿಯಮ್ಮ ಕೇಳಿದರು, "ಅಲ್ಲ ಮಾಷ್ಟ್ರೆ, ನೀವು ಮೊದ್ಲೇ ಒಮ್ಮೆ ಮಾಡಿ ನೋಡಿರ್ಲಿಲ್ವಾ?"

"ನೋಡಿದ್ದೆ ಅಮ್ಮಾ. ವಯಸ್ಸು, ಎಂಟರ್, 'ಎನ್' ಎಲ್ಲ ಒಂದೇ ಉಸಿರಿಗೆ ಒತ್ತಿಬಿಡ್ತಿದ್ದೆ. ನನಗೆ ಪ್ರತಿ ಸಲ ಸರಿಯಾಗಿಯೇ ಬರ್ತಿತ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೆರಾಬೆಯಲ್ಲಿ ನನ್ನ ಅಣ್ಣನ ಮಗಳೊಬ್ಬಳು ಇದ್ದಾಳೆ" ಎಂದರು.

ಇಷ್ಟು ಬರೆದು ಆ ಪೆರಾಬೆಯವಳಿಗೇ, ಈಗಿನ ನನ್ನ ಮನೆಯಾಕೆಗೇ, ಓದಲು ಕೊಟ್ಟೆ. ಓದಿ ಮುಗಿಸಿ, "ಎಲ್ಲ ಸರಿ. ಗೌಡರ ಹೆಸರು ಉಂಟು, ಅತ್ತೆಯ ಹೆಸರು ಉಂಟು, ಜಯಂತಿ ಮೇಡಂ ಹೆಸರೂ ಉಂಟು. ನನ್ನ ಜಾಗ ಮಾತ್ರ ಖಾಲಿ ಬಿಟ್ಟಿದ್ದೀರಲ್ಲ, ಅದನ್ನೂ ದಾಟಿ ಮುಂದೆ ಹೋಗುದಾ?" ಎಂದಳು.