ಅಥೆನ್ಸಿನ ಚೀಟಿ

ಕನ್ನಡ ಬಳಗದ ಕಾರ್ಯದರ್ಶಿಗಿರಿ ತ್ರಿವಿಕ್ರಮನಿಗೆ ಅಂಟಿಕೊಂಡು ನಾಲ್ಕು ವರ್ಷವಾಗಿತ್ತು, ತಳ ಹಿಡಿದ ಪಾಯಸದ ಹಾಗೆ. ಎಷ್ಟು ಉಜ್ಜಿದರೂ ಬಿಡದು. ನೈರೋಬಿಗೆ ಯಾರೇ ಹೊಸಬರು ಬಂದಿಳಿಯಲಿ, ಯಾರದೇ ವೀಸಾ ಮುಗಿಯಲಿ, ಯಾರೇ ತೀರಿಕೊಳ್ಳಲಿ, ಹೋಗುವುದು ಅವನ ಭಾನುವಾರವೇ. ಮಗಳು ವರ್ಷಿಣಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆಂದು ಮನೆ ಬಿಡುವವಳು. ಅವಳ ಜೊತೆ ಕಳೆಯಲು ಉಳಿದಿದ್ದು ಎಂಟೇ ಭಾನುವಾರ.

ಬಳಗದ ವಾರ್ಷಿಕ ಸಭೆ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಅವನ ಫ್ಲಾಟಿನಲ್ಲೇ ಇತ್ತು. ಜುಲೈ ತಿಂಗಳು, ಬಿಸಿಲು ಕಂಡು ವಾರವಾಗಿತ್ತು. ಬಾಲ್ಕನಿಯಲ್ಲಿ ಬಟ್ಟೆಗಳು ಒಣಗದೆ ಜೋತುಬಿದ್ದಿದ್ದವು. ತ್ರಿವಿಕ್ರಮನ ಮುಖವೂ ಹಾಗೇ ಇತ್ತು.

"ಈ ಸಲವೂ ಹೂಂ ಅಂದ್ರೆ ನೋಡಿ" ಎಂದಳು ಹೆಂಡತಿ ವತ್ಸಲಾ, ಉಪ್ಪಿಟ್ಟು ಕೆದಕುತ್ತ.

"ಇಲ್ಲ ಕಣೇ. ಇವತ್ತು ಗ್ರೀಕರು ನನ್ನ ಕಾಪಾಡ್ತಾರೆ."

ಅವನು ಇತಿಹಾಸದ ಮೇಷ್ಟರು. ಸಭೆ ಸೇರುತ್ತಲೇ ಎದ್ದು ನಿಂತ. "ಪ್ರಜಾಪ್ರಭುತ್ವ ಹುಟ್ಟಿದ ಅಥೆನ್ಸಿನಲ್ಲಿ ಹೆಚ್ಚಿನ ಅಧಿಕಾರಿಗಳನ್ನ ವೋಟು ಹಾಕಿ ಆರಿಸ್ತಿರಲಿಲ್ಲ, ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡೋರು. ವೋಟಾದ್ರೆ ಬಾಯಿ ಇದ್ದೋನು ಗೆಲ್ತಾನೆ. ಚೀಟಿಗೆ ಎಲ್ಲರೂ ಒಂದೇ."

"ನಮ್ಮಲ್ಲಿ ಬಾಯಿ ಇಲ್ದೋನೇ ಗೆಲ್ಲೋದು ಮೇಷ್ಟ್ರೇ" ಎಂದ ಬ್ಯಾಂಕಿನ ಗೋಪಾಲ್. ಎಲ್ಲರೂ ನಕ್ಕರು.

"ಏನೂ ಬಾರದೋನ ಹೆಸರು ಬಂದ್ರೆ?" ಎಂದರು ಅಧ್ಯಕ್ಷ ವಿಶ್ವನಾಥ್.

"ಕಲೀತಾನೆ ಸಾರ್. ನಾನೂ ಹಾಗೇ ಕಲ್ತಿದ್ದು."

ಎಲ್ಲರೂ ಕೈಯೆತ್ತಿ ಒಪ್ಪಿಗೆ ಕೊಟ್ಟರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ಅವನಿಗೇ ಒಳಗೊಳಗೆ ಕಸಿವಿಸಿಯಾಯಿತು. ಒಬ್ಬೊಬ್ಬರೂ ತಮ್ಮ ಹೆಸರು ಬರೆದು ಸ್ಟೀಲ್ ಡಬ್ಬಿಗೆ ಹಾಕಬೇಕು. ಹೆಸರು ಬಂದವರು ವರ್ಷವಿಡೀ ಸೊಲ್ಲೆತ್ತದೆ ದುಡಿಯಬೇಕು.

ಪೆನ್ನು ಹಿಡಿದು ತ್ರಿವಿಕ್ರಮ ಲೆಕ್ಕ ಹಾಕಿದ. ಇಪ್ಪತ್ತೆರಡು ಚೀಟಿಯಲ್ಲಿ ಒಂದು ತನ್ನದು. ಅದೇ ಬಂದುಬಿಟ್ಟರೆ? ಅಂಗೈ ಮರೆಮಾಡಿ 'ವಿಶ್ವನಾಥ್' ಎಂದು ಬರೆದು, ಅಥೆನ್ಸಿನವರ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿ, ಮಡಿಸಿ ಹಾಕಿದ.

ವರ್ಷಿಣಿ ಒಂದು ಚೀಟಿ ಎತ್ತಿದಳು. "ಸಾರಿ ಅಪ್ಪಾ. ಇಟ್ಸ್ ಯು."

ಚಪ್ಪಾಳೆ ಬಿತ್ತು. ಅದು ಹೇಗೆ, ನಾನು ನನ್ನ ಹೆಸರೇ ಹಾಕಿಲ್ಲವಲ್ಲ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಅಥೆನ್ಸಿನ ತೀರ್ಪು ಮೇಷ್ಟ್ರೇ, ನಾವೇನ್ ಮಾಡಕ್ಕಾಗುತ್ತೆ" ಎಂದು ವಿಶ್ವನಾಥ್ ಎರಡನೇ ಸಲ ಉಪ್ಪಿಟ್ಟಿಗೆ ತಟ್ಟೆ ಚಾಚಿದರು.

ತ್ರಿವಿಕ್ರಮ ಡಬ್ಬಿಯನ್ನು ಅಡುಗೆಮನೆಗೆ ಒಯ್ದು ಉಳಿದ ಚೀಟಿಗಳನ್ನು ಬಿಡಿಸತೊಡಗಿದ. ಒಂದರಲ್ಲಿ ತ್ರಿವಿಕ್ರಮ. ಇನ್ನೊಂದರಲ್ಲೂ ತ್ರಿವಿಕ್ರಮ. ಗೋಪಾಲನ ಹಸಿರು ಶಾಯಿಯಲ್ಲಿ ಅವನೇ, ಅಧ್ಯಕ್ಷರ ಗುಂಡಕ್ಷರದಲ್ಲೂ ಅವನೇ. ಹೀಗೆ ಇಪ್ಪತ್ತು.

"ಎಂಥ ಮೋಸ. ಮತ್ತೆ ಚೀಟಿ ಎತ್ತಿಸ್ತೀನಿ, ಬಿಡಲ್ಲ" ಎಂದು ಅವನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಹೊರಟ.

ಹಿಂದೆಯೇ ಅಡುಗೆಮನೆಗೆ ಬಂದು, ಡಬ್ಬಿಯ ತಳದಲ್ಲಿದ್ದ ಕೊನೆಯದನ್ನು ಬಿಡಿಸಿದ ವರ್ಷಿಣಿ ಅವನ ತೋಳು ಹಿಡಿದಳು. "ಅಪ್ಪಾ, ವೇಟ್. ದಿಸ್ ಒನ್ ಸೇಸ್ ವಿಶ್ವನಾಥ್." ಅಕ್ಷರವನ್ನೇ ನೋಡಿ ದನಿ ತಗ್ಗಿಸಿದಳು. "ಆ್ಯಂಡ್ ಇಟ್ಸ್ ಯುವರ್ ಹ್ಯಾಂಡ್‌ರೈಟಿಂಗ್."

ಹೊರಗಿನಿಂದ ಗೋಪಾಲ್ ಕರೆದ. "ಕಾರ್ಯದರ್ಶಿಗಳೇ, ಮುಂದಿನ ಭಾನುವಾರ ಬೆಂಗಳೂರಿಂದ ಒಂದು ಫ್ಯಾಮಿಲಿ ಬರ್ತಿದೆ. ಏರ್‌ಪೋರ್ಟಿಗೆ ಹೋಗ್ತೀರಲ್ಲ?"

ತ್ರಿವಿಕ್ರಮ ಮಗಳ ಮುಖ ನೋಡಲಿಲ್ಲ.

"ಹೋಗ್ತೀನಿ" ಎಂದ.