ಅಂಗೈಗೆ ಕಬ್ಬಿಣ

ಅವತ್ತು ಬೆಳಗ್ಗೆ ಬಿಳಿಚೋಡಿಗೆ ಮೋಡ ಮುಚ್ಚಿತ್ತು. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಮುಚ್ಚಳ ಹಾಕಿದ ಗಡಿಗೆಯೊಳಗಿನ ಅನ್ನದಂತೆ ಊರು ಬೇಯುತ್ತಿತ್ತು. ಆಟೋ ಓಡಿಸುವ ಕೊಟ್ರೇಶ್ ಗಂಜಿಯ ಡಬ್ಬಿ ಹಿಡಿದು ಜಗಳೂರಿನ ಆಸ್ಪತ್ರೆಗೆ ಹೊರಟಿದ್ದ. ಅಲ್ಲಿ ಅವನ ತಾಯಿ ಗಾದ್ರಮ್ಮನ ಜೀವ ಇವತ್ತೋ ನಾಳೆಯೋ ಎಂಬಂತಿತ್ತು. ಕಣ್ಣು ಎಂದೋ ಹೋಗಿದ್ದವು. ಮಗನ ಕೈ ಹಿಡಿದೇ ಹೋಗ್ತೀನಿ ಎಂದು ಹಟ ಹಿಡಿದಿದ್ದಳು.

ಬಸ್ ಸ್ಟ್ಯಾಂಡಿನ ಮುಂದೆ ಕುರಿ ಸಾಕುವ ಧರ್ಮಪ್ಪ ಮೂರ್ಛೆ ಹೋಗಿ ಕಡಿದ ಬಾಳೆಯಂತೆ ಬಿದ್ದ.

ಜನ ಜೇನಿನಂತೆ ಮುತ್ತಿದರು. ಒಬ್ಬರು ಈರುಳ್ಳಿ ಜಜ್ಜಿದರು, ಇನ್ನೊಬ್ಬರು ಚಪ್ಪಲಿಯನ್ನೇ ಮೂಗಿಗೆ ಹಿಡಿದರು. ಅಂಗನವಾಡಿಯ ಅನಿತಾ, ಅಂಗಾತ ಮಲಗಿಸಿ ಕಾಲು ಎತ್ತಿ ಹಿಡೀರಿ, ಗಾಳಿ ಬಿಡ್ರಿ, ಬಾಯಿಗೆ ನೀರು ಹಾಕಬೇಡ್ರಿ ಎಂದು ಬೇಡಿಕೊಂಡಳು.

“ಅದೆಲ್ಲ ಆಮ್ಯಾಲೆ ಅನಿತಕ್ಕ. ಮೊದ್ಲು ಕೈಗೆ ಕಬ್ಬಿಣ ಕೊಡ್ರಿ,” ಎಂದ ಕೊಟ್ರೇಶ್.

ಹುಡುಕಿದರೆ ಎಲ್ಲರ ಬಳಿಯೂ ಪ್ಲಾಸ್ಟಿಕ್ಕೇ. ಕೊನೆಗೆ ಅವನೇ ಆಟೋದ ಕೀಲಿ ಕಿತ್ತು ತಂದು ಧರ್ಮಪ್ಪನ ಅಂಗೈಗೆ ಒತ್ತಿದ. ದೃಷ್ಟಿಯಾಗದಿರಲೆಂದು ಗಾದ್ರಮ್ಮ ಆ ಕೀಲಿಗೆ ಕರಿದಾರದಲ್ಲಿ ಒಂದು ಗೆಜ್ಜೆ ಕಟ್ಟಿದ್ದಳು. ಧರ್ಮಪ್ಪನ ಮುಷ್ಟಿ ಬಿಗಿಯಿತು. ನೋಡಿದ್ರಾ ಎಂಬಂತೆ ಕೊಟ್ರೇಶ್ ಸುತ್ತ ಕಣ್ಣಾಡಿಸಿದ.

ಅಷ್ಟರಲ್ಲಿ ಜಗಳೂರಿನ ಕಡೆ ಹೊರಟಿದ್ದ ಗೂಡ್ಸ್ ಗಾಡಿ ನಿಂತಿತು. ಧರ್ಮಪ್ಪನನ್ನು ಹತ್ತಿಸಿದ್ದೇ ತಡ, ಆಸರೆಗೆಂದು ಅರ್ಧ ಊರೇ ಹತ್ತಿತು. ನೀವು ನಡೀರಿ, ನಾನು ಆಟೋದಾಗೆ ಹಿಂದೇನೇ ಬರ್ತೀನಿ ಎಂದು ಕೊಟ್ರೇಶ್ ದೊಡ್ಡ ಮನಸ್ಸಿನಿಂದ ಬೀಳ್ಕೊಟ್ಟ. ಆಟೋದಲ್ಲಿ ಕೂತು ಕೀಲಿಗೆ ಕೈ ಹಾಕಿದಾಗಲೇ ಅದು ಧರ್ಮಪ್ಪನ ಮುಷ್ಟಿಯಲ್ಲೇ ಹೋಯಿತೆಂದು ಅವನಿಗೆ ಹೊಳೆದದ್ದು.

ಮೆಕ್ಯಾನಿಕ್ ಕಲೀಮುಲ್ಲಾ ಬೈಕಿನ ಕೀಲಿ, ಬೀರುವಿನ ಕೀಲಿ ಎಲ್ಲ ತೂರಿಸಿ ನೋಡಿದ. ಹ್ಯಾಂಡಲ್ ಮಿಸುಕಲಿಲ್ಲ.

“ಧರ್ಮಪ್ಪಗೆ ಎಚ್ಚರ ಆಗಿರ್ತೈತೆ ಬಿಡು ಕೊಟ್ರೇಶಣ್ಣ. ಈಗ ಮೂರ್ಛೆ ಹೋಗಿರಾದು ನಿನ್ನ ಆಟೋ.”

ಮಧ್ಯಾಹ್ನದ ಬಸ್ಸೂ ತಡವಾಗಿ ಬಂತು.

ಕೊಟ್ರೇಶ್ ತಲುಪಿದಾಗ ಧರ್ಮಪ್ಪ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತಿದ್ದ. ಪಕ್ಕದ ಮಂಚದಲ್ಲಿ ಗಾದ್ರಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು.

“ಗೆಜ್ಜೆ ಸಪ್ಪಳ ಕೇಳಿ, ಬಂದ್ಯೇನಪ್ಪಾ ಕೊಟ್ರ ಅಂತ ಕೈ ಚಾಚಿದ್ಲು ಅವ್ವ,” ಎಂದ ಧರ್ಮಪ್ಪ. “ನಾನಲ್ಲ ಅನ್ನಾಕೆ ಆಗ್ದೆ ಕೈ ಕೊಟ್ಟೆ. ಹಿಡ್ಕಂಡು ನಗ್ತಾನೇ ಹೋದ್ಲು.”

ಬೇಡಿದವಳಿಗೆ ದೇವರು ಒಂದು ಕೈಯನ್ನು ಕೊಟ್ಟಿದ್ದ. ಯಾರದೆಂದು ಮಾತ್ರ ನೋಡಿರಲಿಲ್ಲ.

ಕೊಟ್ರೇಶ್ ಅಲ್ಲೇ ಕುಸಿದು ಬಿದ್ದ. ಮತ್ತೆ ಜನ ಮುತ್ತಿದರು. ಯಾರೋ, ಕಬ್ಬಿಣ ಕೊಡ್ರಿ ಎಂದರು. ಧರ್ಮಪ್ಪ ಎಲ್ಲರನ್ನೂ ದೂರ ಸರಿಸಿ, ಅವನನ್ನು ಅಂಗಾತ ಮಲಗಿಸಿ, ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಆಮೇಲೆ, ಸದ್ದಾಗದಂತೆ ಗೆಜ್ಜೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಕೀಲಿಯನ್ನು ಅವನ ಅಂಗೈಯಲ್ಲಿಟ್ಟ.